ಎಂಜಿಬಿಯ ಇಗ್ನಿಷನ್ ಸ್ವಿಚ್ ಕೈಕೊಟ್ಟಿದೆಯೇ? ಹೊಸದು ತರಿಸುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ಕೀ ತಿರುಗಿಸಿದರೆ ಸದ್ದಿಲ್ಲ, ಇನ್ನೊಮ್ಮೆ ತಿರುಗಿಸಿದರೆ ಸ್ಟಾರ್ಟ್. ರಸ್ತೆಯ ಗುಂಡಿಗೆ ಚಕ್ರ ಇಳಿದ ಕ್ಷಣ ಎಂಜಿನ್ ಬಂದ್, ಮರುಕ್ಷಣ ಮತ್ತೆ ಚಾಲೂ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಈ ಕಾಟ ಶುರುವಾದರೆ ಬಹುತೇಕರು ನೇರವಾಗಿ ಹೊಸ ಸ್ವಿಚ್ ತರಿಸಿ ಹಾಕುತ್ತಾರೆ. ಹಾಕಿದ ಮೇಲೂ ಅದೇ ಹಾಡು. ಕಾರಣ ಇಷ್ಟೇ: ಸ್ವಿಚ್‌ಗೆ ಕರೆಂಟ್ ತರುವ ತಂತಿ, ಅಲ್ಲಿಂದ ಒಯ್ಯುವ ತಂತಿ, ನಡುವಿನ ಪ್ಲಗ್, ಕರೆಂಟ್ ಕಾರಿನ ಬಾಡಿ ಹಿಡಿದು ಬ್ಯಾಟರಿಗೆ ಮರಳುವ ಅರ್ಥಿಂಗ್ ಇವುಗಳಲ್ಲಿ ಯಾವುದು ಸಡಿಲವಾದರೂ ಲಕ್ಷಣ ಒಂದೇ ಥರ ಕಾಣುತ್ತದೆ. ಬರೀ ವೋಲ್ಟೇಜ್ ನೋಡಿದರೆ ಇವನ್ನು ಬೇರ್ಪಡಿಸಲಾಗದು. ಲೋಡ್ ಇರುವಾಗ, ಅಂದರೆ ದೀಪ, ಫ್ಯಾನ್ ಕರೆಂಟ್ ಎಳೆಯುತ್ತಿರುವಾಗ, ಎಲ್ಲಿ ಎಷ್ಟು ವೋಲ್ಟೇಜ್ ಸೋರುತ್ತಿದೆ ಎಂದು ಅಳೆಯಬೇಕು, ಅದೂ ಬ್ಯಾಟರಿಯಿಂದ ಮುಂದಕ್ಕೆ ಕ್ರಮವಾಗಿ.

ಇಲ್ಲಿನ ಕ್ರಮ ನೆಗೆಟಿವ್ ಅರ್ಥಿಂಗ್ ಇರುವ (ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುವ) ಕಾರುಗಳಿಗೆ, ಅಂದರೆ 1967ರ ಕೊನೆಗೆ ಬಂದ ಮಾರ್ಕ್ 2 ಮತ್ತು ನಂತರದವಕ್ಕೆ. ಅದಕ್ಕೂ ಹಿಂದಿನವು ಪಾಸಿಟಿವ್ ಅರ್ಥಿಂಗ್. ಅವುಗಳಲ್ಲಿ ಮೀಟರಿನ ಕೆಂಪು, ಕಪ್ಪು ಕಡ್ಡಿಗಳನ್ನು ಅದಲುಬದಲು ಮಾಡಿಕೊಳ್ಳಿ. ಆದರೆ ಯಾರಾದರೂ ಆಗಲೇ ನೆಗೆಟಿವ್‌ಗೆ ಬದಲಾಯಿಸಿರಬಹುದು, ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ.

## ಮೊದಲು ತಂತಿಯ ಬಣ್ಣ ಗುರುತಿಟ್ಟುಕೊಳ್ಳಿ

ಬ್ರಿಟಿಷ್ ಕಾರುಗಳ ವಿದ್ಯುತ್ ಸಾಮಾನು ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯ ಬಣ್ಣಗಳ ಪದ್ಧತಿ ಒಮ್ಮೆ ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಮಾರಿಸ್ ಆಕ್ಸ್‌ಫರ್ಡ್ ವಂಶದ ಅಂಬಾಸಿಡರ್‌ಗಳ ಮೇಲೆ ಕೈ ಪಳಗಿಸಿಕೊಂಡ ನಮ್ಮ ಹಳೇ ಆಟೋ ಎಲೆಕ್ಟ್ರಿಷಿಯನ್‌ಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಂದು ಎಂದರೆ ಬ್ಯಾಟರಿಯಿಂದ ಬರುವ ಸದಾ ಜೀವಂತ ತಂತಿ. ಬಿಳಿ ಎಂದರೆ ಕೀ ಎರಡನೆಯ ಸ್ಥಾನಕ್ಕೆ (ಇಗ್ನಿಷನ್ ಆನ್) ಬಂದಾಗ ಜೀವ ಪಡೆಯುವುದು. ಬಿಳಿಯ ಮೇಲೆ ಕೆಂಪು ಗೆರೆ ಇದ್ದರೆ ಸ್ಟಾರ್ಟರ್‌ನದು, ಹಸಿರು ಗೆರೆ ಇದ್ದರೆ ರೇಡಿಯೊದಂಥ ಆಕ್ಸೆಸರಿಯದು. ಪೂರ್ತಿ ಹಸಿರು ಎಂದರೆ ಬಿಳಿ ತಂತಿ ಫ್ಯೂಸ್ ದಾಟಿದ ನಂತರದ ಭಾಗ: ಇಂಡಿಕೇಟರ್, ಬ್ರೇಕ್ ಲೈಟ್, ಗೇಜ್‌ಗಳು. ನೇರಳೆ ಎಂದರೆ ಕಂದು ಫ್ಯೂಸ್ ದಾಟಿದ ನಂತರದ್ದು. ಕಪ್ಪು ಅರ್ಥಿಂಗ್.

ಇದರಲ್ಲಿ ಎದೆಯಲ್ಲಿ ಬರೆದಿಟ್ಟುಕೊಳ್ಳಬೇಕಾದ ಮಾತು: ಕಂದು ತಂತಿಗೆ ಫ್ಯೂಸ್ ಇಲ್ಲ. ಫ್ಯೂಸ್ ಡಬ್ಬಿಯವರೆಗೂ, ಸ್ವಿಚ್‌ನವರೆಗೂ ಅದು ಬ್ಯಾಟರಿಯಿಂದ ನೇರ. ಅದಕ್ಕೆ ಸ್ಕ್ರೂಡ್ರೈವರ್ ತಾಗಿ ಬಾಡಿಗೆ ಶಾರ್ಟ್ ಆದರೆ ಏನೂ ಹಾರಿಹೋಗುವುದಿಲ್ಲ, ತಂತಿಯ ಕಟ್ಟೇ ಕರಗಿ ಹೊಗೆಯಾಡುತ್ತದೆ.

## ಬೇಕಾದ ಸಾಮಾನು

- ಡಿಜಿಟಲ್ ಮಲ್ಟಿಮೀಟರ್. 0.01 ವೋಲ್ಟ್ ತೋರಿಸುವಂಥದ್ದು ಸಾಕು.
- 3 ಮೀಟರ್ ಉದ್ದದ ತಂತಿ, ಎರಡೂ ತುದಿಗೆ ಮೊಸಳೆ ಕ್ಲಿಪ್.
- 15 ಆಂಪಿಯರ್ ಫ್ಯೂಸ್ ನಡುವಿರುವ ಜಂಪರ್ ತಂತಿ. ಫ್ಯೂಸ್ ಇಲ್ಲದ ಜಂಪರ್ ಬೇಡವೇ ಬೇಡ.
- 12 ವೋಲ್ಟ್, 21 ವಾಟ್‌ನ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್.
- ಇಂಚಿನ ಅಳತೆಯ ಸ್ಪ್ಯಾನರ್‌ಗಳು, ಸಣ್ಣ ಸ್ಕ್ರೂಡ್ರೈವರ್‌ಗಳು, ಕಾಂಟ್ಯಾಕ್ಟ್ ಕ್ಲೀನರ್, ಸಣ್ಣ ವೈರ್ ಬ್ರಷ್.
- ಕೈಗೆಟುಕುವಂತೆ ಬೆಂಕಿ ನಂದಿಸುವ ಸಿಲಿಂಡರ್.

ಮೀಟರ್ ಇದ್ದೂ 21 ವಾಟ್ ಬಲ್ಬು ಯಾಕೆ? ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ತಂತಿಯಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಆಗ ಕೊಳೆತ ಜೋಡಣೆಯ ಬಣ್ಣ ಬಯಲಾಗುತ್ತದೆ. ಪೆನ್ ಆಕಾರದ ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ನಿಷ್ಪ್ರಯೋಜಕ.

## ಹಂತ 1: ಲಕ್ಷಣ ಓದಿ

ಟೂಲ್ ಮುಟ್ಟುವ ಮೊದಲು ಐದು ನಿಮಿಷ ಕಾರೊಳಗೆ ಕುಳಿತು ಗಮನಿಸಿ.

ಕೀ ಮುಟ್ಟದೆ ಸೈಡ್ ಲೈಟ್ ಹಾಕಿ. ಹತ್ತದಿದ್ದರೆ ಅಥವಾ ಮಿಣುಕಿದರೆ ತೊಂದರೆ ಇಗ್ನಿಷನ್ ಸ್ವಿಚ್‌ನದ್ದಲ್ಲ. ಅದಕ್ಕಿಂತ ಹಿಂದೆ, ಬ್ಯಾಟರಿಯಲ್ಲೋ ಕಂದು ತಂತಿಯಲ್ಲೋ ಇದೆ.

ಈಗ ಕೀ ಎರಡನೆಯ ಸ್ಥಾನಕ್ಕೆ. ಹಿಂಭಾಗದಿಂದ ಎಸ್‌ಯು ಕಂಪನಿಯ ವಿದ್ಯುತ್ ಪೆಟ್ರೋಲ್ ಪಂಪ್ ಟಕಟಕ ಎಂದು ಬಡಿದು, ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲು ತುಂಬಿದಂತೆ ನಿಧಾನವಾಗಿ ನಿಲ್ಲಬೇಕು. ಕೆಂಪು ಇಗ್ನಿಷನ್ ದೀಪ ಹತ್ತಬೇಕು. ಎರಡೂ ಇಲ್ಲದಿದ್ದರೆ ಸ್ವಿಚ್‌ನ ಮೇಲೆ ಅನುಮಾನ ಗಟ್ಟಿ. ಪಂಪ್ ಬಡಿದು ದೀಪ ಮಾತ್ರ ಹತ್ತದಿದ್ದರೆ ಬಲ್ಬು ಅಥವಾ ಆಲ್ಟರ್ನೇಟರ್ ಕಡೆ ನೋಡಿ. ದೀಪ, ಪಂಪ್ ಎರಡೂ ಸರಿಯಿದ್ದು ಇಂಡಿಕೇಟರ್, ಗೇಜ್ ಸತ್ತಿದ್ದರೆ ಬಿಳಿಯಿಂದ ಹಸಿರಿಗೆ ಹೋಗುವ ಫ್ಯೂಸ್ ನೋಡಿ. ಫ್ಯೂಸ್ ಸುಟ್ಟಿರಬೇಕೆಂದೇನಿಲ್ಲ. ಅದನ್ನು ಹಿಡಿದಿರುವ ಹಿತ್ತಾಳೆ ಕ್ಲಿಪ್ ಹಸಿರುಗಟ್ಟಿದ್ದರೂ ಇದೇ ಕಥೆ.

ಎರಡನೆಯ ಸ್ಥಾನದಲ್ಲಿ ಎಲ್ಲ ಸರಿ, ಮೂರನೆಯದರಲ್ಲಿ ಸ್ಟಾರ್ಟರ್ ತಿರುಗುವುದಿಲ್ಲವೇ? ಬಿಳಿ-ಕೆಂಪು ತಂತಿ, ಸ್ಟಾರ್ಟರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹರಿಸುವ ವಿದ್ಯುತ್ ಸ್ವಿಚ್), ಸ್ಟಾರ್ಟರ್ ಮೇಲಿನ ಭಾರೀ ಸ್ವಿಚ್ ಆದ ಸೊಲೆನಾಯ್ಡ್ ಇವುಗಳಲ್ಲೊಂದು. ಸ್ಟಾರ್ಟರ್ ತಿರುಗುತ್ತದೆ, ಆದರೆ ಕೀ ಬಿಟ್ಟ ಗಳಿಗೆಯಲ್ಲಷ್ಟೇ ಎಂಜಿನ್ ಹಿಡಿಯುತ್ತದೆಯೇ? ಸ್ವಿಚ್ ಮೂರನೆಯ ಸ್ಥಾನದಲ್ಲಿ ಬಿಳಿ ತಂತಿಯನ್ನು ಕೈಬಿಡುತ್ತಿದೆ. ಇದಕ್ಕೆ ತದ್ವಿರುದ್ಧವಾಗಿ ತಿರುಗಿಸುವಾಗ ಹಿಡಿದು ಕೀ ಬಿಟ್ಟೊಡನೆ ಸತ್ತರೆ, ಅದು 1974ರ ಕೊನೆಯ ನಂತರದ ರಬ್ಬರ್ ಬಂಪರ್ ಕಾರಾಗಿದ್ದರೆ, ಸ್ವಿಚ್‌ಗಿಂತ ಮೊದಲು ಕಾಯಿಲ್‌ಗೆ ಹೋಗುವ ಪ್ರತಿರೋಧದ ತಂತಿಯನ್ನು, ಅಂದರೆ ಬ್ಯಾಲಸ್ಟ್ ತಂತಿಯನ್ನು ನೋಡಿ. ಅದರ ಮಾತು ಹಂತ 4ರಲ್ಲಿದೆ.

ಓಡುವಾಗ ಎಂಜಿನ್ ಕಡಿದುಹೋದರೆ ಎರಡು ಸಂಗತಿ ಗಮನಿಸಬೇಕು. ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಮುಳ್ಳು ಒಂದೇ ಏಟಿಗೆ ಸೊನ್ನೆಗೆ ಬಿದ್ದರೆ ಇಗ್ನಿಷನ್ ಕರೆಂಟ್ ಕಡಿದಿದೆ. ಎಂಜಿನ್ ವೇಗದ ಜೊತೆ ಮೆಲ್ಲಗೆ ಇಳಿದರೆ ಪೆಟ್ರೋಲ್ ಸಮಸ್ಯೆ. ಎರಡನೆಯದು, ಕಾರು ಉರುಳುತ್ತಿರುವಾಗಲೇ ಇಂಡಿಕೇಟರ್ ಕಡ್ಡಿ ತಳ್ಳಿ. ಇಂಡಿಕೇಟರ್ ಎಂದಿನಂತೆ ಮಿಟುಕಿದರೆ ಸ್ವಿಚ್ ತನ್ನ ಕೆಲಸ ಮಾಡುತ್ತಿದೆ, ತೊಂದರೆ ಸ್ಪಾರ್ಕ್‌ಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಕಡೆ. ಈ ಪುಕ್ಕಟೆ ಪರೀಕ್ಷೆ ಮಾಡಿದ್ದರೆ ಎಷ್ಟೋ ಸ್ವಿಚ್‌ಗಳು ಅಂಗಡಿಯಲ್ಲೇ ಉಳಿಯುತ್ತಿದ್ದವು.

ಎಚ್ಚರ: ಸ್ಟೀರಿಂಗ್ ಲಾಕ್ ಇರುವ ಕಾರು ಉರುಳುತ್ತಿರುವಾಗ ಕೀಯನ್ನು ಹಿಂದಕ್ಕೆ ತಿರುಗಿಸಬೇಡಿ, ಹೊರಗೆಳೆಯಲೇಬೇಡಿ. ಸ್ಟೀರಿಂಗ್ ಲಾಕ್ ಆದರೆ ಕಾರು ನಿಮ್ಮ ಮಾತು ಕೇಳುವುದಿಲ್ಲ.

## ಹಂತ 2: ಬ್ಯಾಟರಿ ಮತ್ತು ಅರ್ಥಿಂಗ್

ಸೀಟಿನ ಹಿಂದಿನ ಮುಚ್ಚಳ ತೆಗೆಯಿರಿ. 1974ರವರೆಗಿನ ಕಾರುಗಳಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳು, ನಡುವೆ ಒಂದು ಕೊಂಡಿ ಕೇಬಲ್. ಆ ಕೊಂಡಿಯನ್ನು ಜನ ಮರೆತೇಬಿಡುತ್ತಾರೆ. ಅದರ ಎರಡೂ ತುದಿ ಬಿಚ್ಚಿ, ಉಜ್ಜಿ, ಬಿಗಿಯಿರಿ.

ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇರಬೇಕು. ಸ್ಟಾರ್ಟರ್ ತಿರುಗಿಸುವಾಗ 10ಕ್ಕಿಂತ ಕೆಳಗೆ ಹೋಗಬಾರದು. ಕ್ಲಾಂಪ್ ಮೇಲಲ್ಲ, ಬ್ಯಾಟರಿಯ ಸೀಸದ ಗುಬುಟಿನ ಮೇಲೇ ಮೀಟರ್ ಕಡ್ಡಿ ಒತ್ತಿ.

ನಂತರ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಉದ್ದ ತಂತಿಯ ಮೂಲಕ ಎಂಜಿನ್ ಬ್ಲಾಕ್‌ಗೆ. ಕಾಯಿಲ್‌ನ ಮಧ್ಯದ ತಂತಿ ಕಿತ್ತು ಅದನ್ನು ಬ್ಲಾಕ್‌ಗೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಿ. 0.5 ವೋಲ್ಟ್ ದಾಟಿದರೆ ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ ಹೋಗಿದೆ ಅಥವಾ ಯಾರೋ ಕ್ಲಚ್ ಕೆಲಸ ಮಾಡಿದಾಗ ಮರಳಿ ಹಾಕಿಲ್ಲ. ಪಟ್ಟಿ ಇಲ್ಲದ ಕಾರಿನಲ್ಲಿ ಸ್ಟಾರ್ಟರ್ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿಯುತ್ತದೆ. ಸ್ಟಾರ್ಟ್ ಮಾಡಿದಾಗ ಚೋಕ್ ಕೇಬಲ್ ಬಿಸಿಯಾದರೆ ಬೇರೆ ಪುರಾವೆ ಬೇಡ.

## ಹಂತ 3: ಸ್ವಿಚ್‌ನ ಎರಡೂ ಕಡೆ ಅಳೆಯಿರಿ

ಇಡೀ ಕೆಲಸದ ತಿರುಳು ಇದೇ, ಇಲ್ಲಿ ಅವಸರ ಬೇಡ.

ಬ್ಯಾಟರಿಯ ಅರ್ಥಿಂಗ್ ಕ್ಲಾಂಪ್ ಕಳಚಿ, ಸ್ಟೀರಿಂಗ್ ಕಾಲಮ್‌ನ ಪ್ಲಾಸ್ಟಿಕ್ ಕವಚ ಬಿಚ್ಚಿ. ಸ್ವಿಚ್‌ನಿಂದ ಇಳಿಯುವ ತಂತಿಗಳು ಬಹುಕವಲಿನ ಪ್ಲಗ್ಗಿಗೆ ಸೇರುತ್ತವೆ. ಹಳೆಯ ಕಾರುಗಳಲ್ಲಿ ಸ್ವಿಚ್ ಡ್ಯಾಶ್‌ಬೋರ್ಡಿನಲ್ಲೇ ಇದ್ದು ತಂತಿಗಳು ಅದರ ಬೆನ್ನಿಗೇ ಚುಚ್ಚಿರುತ್ತವೆ. ಪ್ಲಗ್ಗನ್ನು ಕೀಳದೆ, ಹಿಂಬದಿಯಿಂದ ಮೀಟರ್ ಕಡ್ಡಿ ತೂರುವಷ್ಟು ಜಾಗ ಮಾಡಿಕೊಂಡು ಬ್ಯಾಟರಿ ಮತ್ತೆ ಜೋಡಿಸಿ.

1. ಲೋಡ್ ಹಾಕಿ. ಕೀ ಎರಡನೆಯ ಸ್ಥಾನದಲ್ಲಿ, ಹೀಟರ್ ಫ್ಯಾನ್, ಹೆಡ್‌ಲೈಟ್ ಚಾಲೂ, ಒಬ್ಬರು ಬ್ರೇಕ್ ಒತ್ತಿರಲಿ. ಒಂದೆರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೀಗೆ ಬಿಡಬೇಡಿ. ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕಾಯಿಲ್‌ನ ಕರೆಂಟ್ ಕಡಿದು ಕೂಡಿಸುವ ಜೋಡಿ) ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್ ಬಿಸಿಯೇರುತ್ತದೆ.
2. ಬ್ಯಾಟರಿ ಪಾಸಿಟಿವ್‌ನಿಂದ ಸ್ವಿಚ್‌ನ ಕಂದು ತಂತಿಗೆ ಅಳೆಯಿರಿ. 0.5 ವೋಲ್ಟ್ ಒಳಗಿದ್ದರೆ ಸರಿ. ಒಂದು ವೋಲ್ಟ್ ಬಂದರೆ ಸ್ವಿಚ್ ನಿರಪರಾಧಿ. ಸ್ಟಾರ್ಟರ್ ಸೊಲೆನಾಯ್ಡ್‌ನ ದೊಡ್ಡ ಬೋಲ್ಟಿನ ಬಳಿ ಕಂದು ತಂತಿಗಳ ತುದಿ ನೋಡಿ. ಎಣ್ಣೆ, ಬಿಸಿ ಎರಡೂ ಬಡಿಯುವ ಆ ಜಾಗ ಸಾಮಾನ್ಯವಾಗಿ ಮೊದಲು ಕೆಡುವುದು.
3. ಸ್ವಿಚ್‌ನ ಕಂದಿನಿಂದ ಬಿಳಿಗೆ ಅಳೆಯಿರಿ. ಮೊದಲು ತಂತಿಕಟ್ಟಿನ ಬದಿಯಲ್ಲಿ, ಆಮೇಲೆ ಸ್ವಿಚ್‌ನ ಬದಿಯಲ್ಲಿ. 0.2 ವೋಲ್ಟ್‌ವರೆಗೆ ಒಪ್ಪಬಹುದು. ಸ್ವಿಚ್ ಬದಿಯಲ್ಲೇ 0.5 ದಾಟಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಸ್ವಿಚ್ ಬದಿಯಲ್ಲಿ 0.1, ತಂತಿಕಟ್ಟಿನ ಬದಿಯಲ್ಲಿ 0.6 ಎಂದಾದರೆ ಕೆಟ್ಟಿರುವುದು ಪ್ಲಗ್.
4. ಮೀಟರ್ ಹಾಗೇ ಇಟ್ಟು ಕೀಯನ್ನು ಮೇಲೆ, ಕೆಳಗೆ, ಪಕ್ಕಕ್ಕೆ ಮೆಲ್ಲಗೆ ಅಲುಗಿಸಿ. ಬಳಿಕ ಕೀ ಮುಟ್ಟದೆ ತಂತಿಗಳನ್ನಷ್ಟೇ ಅಲುಗಿಸಿ. ಯಾವುದಕ್ಕೆ ಅಂಕಿ ಜಿಗಿಯುತ್ತದೋ ಅದೇ ಕಳ್ಳ.

ಸ್ವಿಚ್ ಪೂರ್ತಿ ಸತ್ತಿದ್ದರೆ ಸೋರಿಕೆ ಅಳೆಯಲು ಕರೆಂಟೇ ಹರಿಯುವುದಿಲ್ಲ. ಆಗ ಫ್ಯಾನ್, ಹೆಡ್‌ಲೈಟ್ ಆರಿಸಿ, ಫ್ಯೂಸ್ ಇರುವ ಜಂಪರ್‌ನಿಂದ ಕಂದು, ಬಿಳಿ ಎರಡನ್ನೂ ಕೂಡಿಸಿ. ಪಂಪ್ ಬಡಿದು ಕೆಂಪು ದೀಪ ಹತ್ತಿದರೆ ತೀರ್ಪು ಬಂದಂತೆ. ಜಂಪರ್ ಹಾಕುವ ಮುನ್ನ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಚಕ್ರಕ್ಕೆ ಕಲ್ಲು. ಈ ಜಂಪರ್ ಪರೀಕ್ಷೆಗೆ ಮಾತ್ರ, ಇದರ ಮೇಲೆ ಊರು ಸುತ್ತಬೇಡಿ.

## ಹಂತ 4: ಸ್ವಿಚ್ ದಾಟಿ ಕಾಯಿಲ್‌ವರೆಗೆ

ಹಂತ 3ರಲ್ಲಿ ಅಂಕಿಗಳು ಚೆನ್ನಾಗಿ ಬಂದೂ ಕಾರು ತೊಂದರೆ ಕೊಡುತ್ತಿದ್ದರೆ ಬಿಳಿ ತಂತಿಯ ಮುಂದಿನ ದಾರಿ ಹಿಡಿಯಿರಿ.

ಕಾಯಿಲ್‌ನ ಪಾಸಿಟಿವ್ ತುದಿಯಲ್ಲಿ ಅಳೆಯುವಾಗ ಪಾಯಿಂಟ್ ತೆರೆದಿದ್ದರೆ ಕರೆಂಟ್ ಹರಿಯುವುದಿಲ್ಲ, ಎಷ್ಟೇ ಕೆಟ್ಟ ತಂತಿಯಾದರೂ 12 ವೋಲ್ಟ್ ಕಾಣುತ್ತದೆ. ಅದಕ್ಕೆ ಕಾಯಿಲ್‌ನ ನೆಗೆಟಿವ್ ತುದಿಯನ್ನು ಜಂಪರ್‌ನಿಂದ ಬಾಡಿಗೆ ತಾಗಿಸಿ ಅಳೆಯಿರಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದರೆ ಮೊದಲು ಅದರ ತಂತಿಗಳನ್ನು ಕಾಯಿಲ್‌ನಿಂದ ಕಳಚಿ. ಸುಮಾರು 3 ಓಮ್‌ನ ಮಾಮೂಲಿ 12 ವೋಲ್ಟ್ ಕಾಯಿಲ್ ಆದರೆ ಬ್ಯಾಟರಿ ವೋಲ್ಟೇಜ್‌ಗೆ ಹತ್ತಿರ ಬರಬೇಕು. ರಬ್ಬರ್ ಬಂಪರ್ ಕಾರುಗಳ ಸುಮಾರು 1.5 ಓಮ್ ಕಾಯಿಲ್ ಆದರೆ 6 ವೋಲ್ಟ್ ಆಸುಪಾಸು ಬರುವುದೇ ಸರಿ. ಅಲ್ಲಿ ತಂತಿಕಟ್ಟಿನೊಳಗೆ ಗುಲಾಬಿ-ಬಿಳಿ ಬಣ್ಣದ ಪ್ರತಿರೋಧದ (ಬ್ಯಾಲಸ್ಟ್) ತಂತಿಯೊಂದು ಅರ್ಧ ವೋಲ್ಟೇಜನ್ನು ನುಂಗುತ್ತದೆ. ಸ್ಟಾರ್ಟರ್ ತಿರುಗುವಾಗ ಮಾತ್ರ ಸೊಲೆನಾಯ್ಡ್‌ನಿಂದ ಇನ್ನೊಂದು ತಂತಿ ಕಾಯಿಲ್‌ಗೆ ನೇರ ಕರೆಂಟ್ ಕೊಡುತ್ತದೆ. ಗುಲಾಬಿ-ಬಿಳಿ ತಂತಿ ತುಂಡಾದರೆ ಕೀ ಬಿಟ್ಟೊಡನೆ ಎಂಜಿನ್ ಸಾಯುವುದು ಇದಕ್ಕೇ.

1964ರ ಕೊನೆಯಿಂದ 1972ರವರೆಗಿನ ಕಾರುಗಳಲ್ಲಿ ಇನ್ನೊಂದು ಮೋಸವಿದೆ. ಕಾಯಿಲ್‌ಗೆ ಹೋಗುವ ಬಿಳಿ ತಂತಿ ಟ್ಯಾಕೋಮೀಟರ್ ಬಳಿ ಹೋಗಿ, ಅದರ ಬೆನ್ನಿನಲ್ಲಿ ಸುತ್ತು ಹಾಕಿ ಬರುತ್ತದೆ. ಅಲ್ಲಿನ ಬುಲೆಟ್ ಕನೆಕ್ಟರ್ ಸಡಿಲವಾದರೆ ಪಂಪ್ ಬಡಿಯುತ್ತಿರುತ್ತದೆ, ಇಂಡಿಕೇಟರ್ ಮಿಟುಕುತ್ತಿರುತ್ತದೆ, ಎಂಜಿನ್ ಮಾತ್ರ ಸತ್ತಿರುತ್ತದೆ.

## ಹಂತ 5: ಸ್ವಿಚ್ ಬದಲಾವಣೆ

ಅಳತೆ ಸ್ವಿಚ್‌ನತ್ತಲೇ ಬೆರಳು ಮಾಡಿದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಹೊಸದನ್ನು ಕಾರಿಗೆ ಹಾಕುವ ಮುನ್ನ ಮೇಜಿನ ಮೇಲೆ ಪರೀಕ್ಷಿಸಿ. ತಂತಿಯ ಬಣ್ಣ ನಂಬಬೇಡಿ. ಮೀಟರನ್ನು ಓಮ್‌ಗೆ ಹಾಕಿ, ಸ್ಕ್ರೂಡ್ರೈವರ್‌ನಿಂದ ಸ್ವಿಚ್‌ನ ಸೀಳನ್ನು ತಿರುಗಿಸುತ್ತ ಹೋಗಿ. ಸೊನ್ನೆಯಲ್ಲಿ ಯಾವುದೂ ಕೂಡಬಾರದು. ಎರಡರಲ್ಲಿ ಕಂದು-ಬಿಳಿ ಕೂಡಬೇಕು. ಮೂರರಲ್ಲಿ ಕಂದಿಗೆ ಬಿಳಿ-ಕೆಂಪು ಕೂಡುವುದರ ಜೊತೆಗೆ ಬಿಳಿಯೂ ಉಳಿದಿರಬೇಕು. ಕೈಬಿಟ್ಟರೆ ಸ್ಪ್ರಿಂಗ್ ಬಲದಿಂದ ಮೂರರಿಂದ ಎರಡಕ್ಕೆ ತಾನೇ ಮರಳಬೇಕು. ಮರಳದಿದ್ದರೆ ಎಂಜಿನ್ ಓಡುವಾಗಲೂ ಸ್ಟಾರ್ಟರ್ ಕಚ್ಚಿಕೊಂಡೇ ಇರುತ್ತದೆ. ಅಂಥದ್ದನ್ನು ಅಂಗಡಿಗೇ ವಾಪಸ್ ಮಾಡಿ.

1. ಬ್ಯಾಟರಿಯ ಅರ್ಥಿಂಗ್ ಕ್ಲಾಂಪ್ ಕಳಚಿ, ಬಟ್ಟೆ ಸುತ್ತಿ ಪಕ್ಕಕ್ಕಿಡಿ.
2. ಪ್ಲಗ್ಗಿನ ಫೋಟೋ ತೆಗೆದು ಬಿಚ್ಚಿ. ತಂತಿ ಎಳೆಯಬೇಡಿ, ಪ್ಲಾಸ್ಟಿಕ್ ಹಿಡಿದು ಎಳೆಯಿರಿ.
3. ಲಾಕ್ ಬಾಡಿಯ ಮೇಲೆ ವಿದ್ಯುತ್ ಭಾಗವನ್ನು ಹಿಡಿದಿರುವ ಸಣ್ಣ ಸ್ಕ್ರೂ ಹುಡುಕಿ. ಕೆಳಗೆ ಬಟ್ಟೆ ಹಾಸಿಕೊಳ್ಳಿ. ಅದು ಕಾರ್ಪೆಟ್ಟಿಗೆ ಬಿದ್ದರೆ ಸಂಜೆಯವರೆಗೆ ಹುಡುಕಾಟ.
4. ಹಳೆಯದನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಹೊಸದರ ಸೀಳು, ಲಾಕ್‌ನ ನಾಲಗೆ ಎರಡೂ ಒಂದೇ ಸ್ಥಾನದಲ್ಲಿರಲಿ. ಸರಿಯಾಗಿ ಕುಳಿತರೆ ಒತ್ತಡವಿಲ್ಲದೆ ಒಳಗೆ ಹೋಗುತ್ತದೆ. ಸ್ಕ್ರೂನಿಂದ ಎಳೆದು ಕೂರಿಸಲು ಹೋದರೆ ಪ್ಲಾಸ್ಟಿಕ್ ಸೀಳುತ್ತದೆ.
5. ಪ್ಲಗ್ಗಿನ ಟರ್ಮಿನಲ್‌ಗಳನ್ನು ಕ್ಲೀನರ್‌ನಿಂದ ತೊಳೆದು, ಸಡಿಲವಿದ್ದವನ್ನು ಮೆಲ್ಲಗೆ ಬಿಗಿ ಮಾಡಿ. ಪ್ಲಾಸ್ಟಿಕ್ ಕಂದಾಗಿ ಸುಟ್ಟಿದ್ದರೆ ಪ್ಲಗ್ಗನ್ನೇ ಬದಲಿಸಿ. ಇಲ್ಲದಿದ್ದರೆ ಅದರ ಬಿಸಿ ಹೊಸ ಸ್ವಿಚ್ಚನ್ನೂ ತಿನ್ನುತ್ತದೆ.

ಅಮೆರಿಕದ ಮಾರುಕಟ್ಟೆಗೆ ಹೋದ ಕಾರುಗಳಲ್ಲಿ ಕೀ ಮರೆತರೆ ಕೂಗುವ ಬಜರಿನ ಎರಡು ತೆಳು ತಂತಿಗಳೂ ಇಲ್ಲೇ ಇರುತ್ತವೆ. ಇಗ್ನಿಷನ್‌ಗೂ ಅವಕ್ಕೂ ಸಂಬಂಧವಿಲ್ಲ.

ಕೀ ತೂರುವ ಲಾಕ್ ಭಾಗವೇ ಸವೆದಿದ್ದರೆ ಅದು ಬೇರೆ ಕೆಲಸ. ಲಾಕನ್ನು ಕಾಲಮ್‌ಗೆ ಹಿಡಿದಿರುವುದು ತಲೆ ಮುರಿಯುವ ಬೋಲ್ಟ್‌ಗಳು. ಅವನ್ನು ಉಳಿಯಿಂದ ತಟ್ಟಿ ತಿರುಗಿಸಬೇಕು, ಇಲ್ಲವೇ ಕೊರೆದು ತೆಗೆಯಬೇಕು. ಹೊಸ ಲಾಕ್ ಕೂರಿಸಿ, ನಾಲಗೆ ಪೂರ್ತಿ ಹಿಂದೆ ಸರಿಯುತ್ತದೆ ಎಂದು ಸ್ಟೀರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿ ಖಾತ್ರಿಯಾದ ಮೇಲೆಯೇ ಬೋಲ್ಟಿನ ತಲೆ ಮುರಿಯಿರಿ.

## ಹಂತ 6: ಸ್ವಿಚ್‌ನ ಹೊರೆ ಇಳಿಸುವ ರಿಲೇ

ಪಂಪ್, ಕಾಯಿಲ್, ಗೇಜ್, ವೈಪರ್, ಹೀಟರ್ ಫ್ಯಾನ್ ಎಲ್ಲವನ್ನೂ ಒಂದೇ ಜೋಡಿ ಕಾಂಟ್ಯಾಕ್ಟ್ ಹೊತ್ತಿರುವುದರಿಂದಲೇ ಸ್ವಿಚ್ ಸುಡುವುದು. 1977ರ ನಂತರದ ಕಾರುಗಳಲ್ಲಿ ಕಾರ್ಖಾನೆಯೇ ಇಗ್ನಿಷನ್ ರಿಲೇ ಕೊಟ್ಟಿದೆ. ಅಂಥ ಕಾರಾದರೆ ಇದನ್ನು ಬಿಟ್ಟು ಮುಂದೆ ಹೋಗಿ.

ರಿಲೇ ಹಾಕುವವರು ಎಲ್ಲವನ್ನೂ ಅದಕ್ಕೇ ವಹಿಸಿಬಿಡುತ್ತಾರೆ. ಅದು ಬೇಡ. ಹಸಿರು ತಂತಿಗಳ ಗುಂಪನ್ನು ಮಾತ್ರ ರಿಲೇಗೆ ಕೊಡಿ, ಕಾಯಿಲ್ ಮತ್ತು ಪಂಪನ್ನು ಸ್ವಿಚ್‌ನಲ್ಲೇ ಉಳಿಸಿ. ನಾಳೆ ರಿಲೇ ಕೈಕೊಟ್ಟರೂ ಹಗಲಿನಲ್ಲಿ ಮನೆ ತಲುಪಬಹುದು.

30 ಆಂಪಿಯರ್‌ನ ನಾಲ್ಕು ಕಾಲಿನ ಸಾಮಾನ್ಯ ರಿಲೇ ಸಾಕು. ಫ್ಯೂಸ್ ಡಬ್ಬಿಯಲ್ಲಿ ಬಿಳಿ ತಂತಿಗಳು ಕೂಡುವ ಟರ್ಮಿನಲ್‌ನಿಂದ ಅವೆಲ್ಲವನ್ನೂ ಕಳಚಿ, ಒಂದಕ್ಕೊಂದು ಗಟ್ಟಿಯಾಗಿ ಜೋಡಿಸಿ, ಅಲ್ಲಿಂದ ಒಂದು ಕವಲು ತೆಗೆದು ರಿಲೇಯಲ್ಲಿ 86 ಎಂದು ಬರೆದಿರುವ ಕಾಲಿಗೆ ಕೊಡಿ. 85 ಬಾಡಿಗೆ. ಫ್ಯೂಸ್ ಡಬ್ಬಿಯ ಕಂದು ಟರ್ಮಿನಲ್‌ನಿಂದ 2 ಚದರ ಮಿಲಿಮೀಟರ್‌ಗೆ ಕಡಿಮೆಯಿಲ್ಲದ ತಂತಿ 30ಕ್ಕೆ. 87ರಿಂದ ಅದೇ ದಪ್ಪದ ತಂತಿ ಈಗ ಖಾಲಿಯಾದ ಬಿಳಿ ಟರ್ಮಿನಲ್‌ಗೆ.

ಹಟಕ್ಕೆ ಬಿದ್ದು ಕಾಯಿಲನ್ನೂ ರಿಲೇಗೆ ಕೊಟ್ಟರೆ ವಿಚಿತ್ರವೊಂದು ಕಾದಿದೆ: ಕೀ ತೆಗೆದರೂ ಎಂಜಿನ್ ನಿಲ್ಲದೆ ಓಡಬಹುದು. ಆಲ್ಟರ್ನೇಟರ್‌ನಿಂದ ಕಂದು-ಹಳದಿ ತಂತಿ, ಎಚ್ಚರಿಕೆ ದೀಪದ ಮೂಲಕ ಹಿಮ್ಮುಖವಾಗಿ ಬರುವ ಅಲ್ಪ ಕರೆಂಟೇ ರಿಲೇಯನ್ನು ಹಿಡಿದಿಡಲು ಸಾಕಾಗುತ್ತದೆ. ಕಂದು-ಹಳದಿ ತಂತಿಯ ನಡುವೆ 1 ಆಂಪಿಯರ್ ಡಯೋಡ್, ಅದರ ಗೆರೆ ಆಲ್ಟರ್ನೇಟರ್ ಕಡೆಗೆ ಬರುವಂತೆ ಹಾಕಿದರೆ ನಿಲ್ಲುತ್ತದೆ.

ಫ್ಯೂಸ್ ಕುರಿತು ಒಂದು ಮಾತು. ಲ್ಯೂಕಾಸ್ ಫ್ಯೂಸಿನ ಮೇಲಿನ 35 ಎಂಬ ಅಂಕಿ ಅದು ಹಾರಿಹೋಗುವ ಮಟ್ಟ, ನಿರಂತರ ಹೊರುವುದು 17 ಆಂಪಿಯರ್ ಮಾತ್ರ. ಆ ಜಾಗಕ್ಕೆ ನಿರಂತರ 35 ಹೊರುವ ಅಮೆರಿಕನ್ ಗಾಜಿನ ಫ್ಯೂಸ್ ಹಾಕಿದರೆ ಫ್ಯೂಸ್ ಉಳಿದು ತಂತಿ ಸುಡುತ್ತದೆ.

## ಹಂತ 7: ಕೊನೆಯ ತಪಾಸಣೆ

ಹಂತ 3ರ ಅಳತೆಗಳನ್ನು ಅದೇ ಲೋಡ್‌ನಲ್ಲಿ ಮತ್ತೊಮ್ಮೆ ತೆಗೆದು ಹಳೆಯವುಗಳ ಪಕ್ಕದಲ್ಲಿ ಬರೆಯಿರಿ. ಎಂಜಿನ್ ಚಾಲೂ ಮಾಡಿ, ತುಸು ವೇಗ ಕೊಟ್ಟಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಕೀ ತಿರುಗಿಸಿದೊಡನೆ ಎಂಜಿನ್ ನಿಲ್ಲಬೇಕು, ಸ್ಟಾರ್ಟರ್ ಪೂರ್ತಿ ಬಿಡುಗಡೆಯಾಗಿರಬೇಕು.

ಹತ್ತು ನಿಮಿಷ ಫ್ಯಾನ್, ಹೆಡ್‌ಲೈಟ್ ಹಾಕಿ ಎಂಜಿನ್ ಓಡಿಸಿ ಪ್ಲಗ್ಗನ್ನು ಬೆರಳಿನಿಂದ ಮುಟ್ಟಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಕವಚ ಮುಚ್ಚಬೇಡಿ, ಅಲ್ಲೊಂದು ಟರ್ಮಿನಲ್ ಇನ್ನೂ ಸರಿಯಾಗಿ ಕುಳಿತಿಲ್ಲ. ಕವಚ ಹಾಕುವಾಗ ಯಾವ ತಂತಿಯೂ ಅಂಚಿಗೆ ಸಿಕ್ಕಿ ಜಜ್ಜಿಹೋಗದಂತೆ ನೋಡಿಕೊಳ್ಳಿ, ಮುಖ್ಯವಾಗಿ ಫ್ಯೂಸಿಲ್ಲದ ಆ ಕಂದು ತಂತಿ. ಹೊಸ ಸ್ವಿಚ್‌ಗೆ ಮನೆ ಬೀಗ, ಬೀರು, ಸ್ಕೂಟರ್ ಎಲ್ಲದರ ಕೀಗೊಂಚಲು ನೇತುಹಾಕದೆ ಕಾರಿನ ಕೀಯೊಂದನ್ನೇ ಬೇರೆ ಉಂಗುರಕ್ಕೆ ಹಾಕಿ.